9.4 ಕೆಲ್ವಿನ್ ಹತ್ತಿರ ಹೀಟ್ ಕೆಪಾಸಿಟಿಯಲ್ಲಿ ಜಿಗಿತ ಕಾಣುತ್ತಿಲ್ಲ, ಯಾಕೆ?

ಹರಳುಪುಡಿ: ಕಪ್ಪ-(ಬಿಇಡಿಟಿ-ಟಿಟಿಎಫ್)2 ಕಾಪರ್ ಥಯೋಸಯನೇಟ್ (9.4 ಕೆಲ್ವಿನ್ ಹತ್ತಿರ ಸೂಪರ್‌ಕಂಡಕ್ಟರ್ ಆಗುವ ಸಾವಯವ ಉಪ್ಪು), ಒಂದೇ ಹರಳು, 0.8 ಮಿ.ಗ್ರಾಂ. ರಿಲ್ಯಾಕ್ಸೇಶನ್ ವಿಧಾನ (ಚಿಕ್ಕ ಶಾಖದ ಪಲ್ಸ್ ಕೊಟ್ಟು ಹರಳು ತಣಿಯುವ ವೇಗ ಅಳೆಯುವುದು), ಅಂಟಿಸಲು ಎನ್ ಗ್ರೀಸ್, ತಾಪಮಾನದ ಶೇ. 2ರಷ್ಟು ಏರಿಸುವ ಪಲ್ಸ್. ರೆಸಿಸ್ಟೆನ್ಸ್ ಸೊನ್ನೆಗೆ ಇಳಿಯುತ್ತದೆ, ಹೀಟ್ ಕೆಪಾಸಿಟಿ ಗೆರೆ ಮಾತ್ರ ನುಣ್ಣಗಿದೆ. ದೋಷ ಹರಳಿನದೋ, ಅಳತೆಯದೋ?

ನಾಲ್ಕು_ಕೆಲ್ವಿನ್: ಬರಿಗಣ್ಣಿಗೆ ಕಾಣದಿರುವುದೇ ಸಹಜ. ಮೋಲಾರ್ ತೂಕ ಸುಮಾರು 949, ಅಂದರೆ ನಿಮ್ಮಲ್ಲಿರುವುದು 0.84 ಮೈಕ್ರೋಮೋಲ್. ಗಾಮಾ (ಹೀಟ್ ಕೆಪಾಸಿಟಿಯಲ್ಲಿ ಎಲೆಕ್ಟ್ರಾನ್‌ಗಳ ಪಾಲಿನ ಗುಣಾಂಕ) ಮೋಲ್‌ಗೆ ಸುಮಾರು 25 ಮಿಲಿಜೂಲ್/ಕೆಲ್ವಿನ್ ವರ್ಗ. ಜಿಗಿತ ಮೋಲ್‌ಗೆ ಅರ್ಧ ಜೂಲ್/ಕೆಲ್ವಿನ್ ಎಂದಿಟ್ಟುಕೊಂಡರೂ ನಿಮಗೆ ಸಿಗುವುದು 0.4 ಮೈಕ್ರೋಜೂಲ್/ಕೆಲ್ವಿನ್. ಲ್ಯಾಟಿಸ್‌ನ, ಅಂದರೆ ಹರಳಿನ ಅಣುಗಳ ಕಂಪನದ ಪಾಲು ಅದರ ಹತ್ತಾರು ಪಟ್ಟು, ಅದರ ಮೇಲೆ ಹರಳು ಕೂರುವ ಪ್ಲಾಟ್‌ಫಾರ್ಮ್ ಮತ್ತು ಗ್ರೀಸ್.

ಹಾಗಾಗಿ ಮ್ಯಾಗ್ನೆಟಿಕ್ ಫೀಲ್ಡ್ ಹಾಕಿ ಅಳೆದು, ಆ ಗೆರೆಯನ್ನು ಕಳೆಯಿರಿ. ಪದರಗಳಿಗೆ ಲಂಬವಾಗಿ 8–9 ಟೆಸ್ಲಾ ಕೊಟ್ಟರೆ ಸೂಪರ್‌ಕಂಡಕ್ಟಿವಿಟಿ ಪೂರ್ತಿ ಸಾಯುತ್ತದೆ. ಸೊನ್ನೆ ಫೀಲ್ಡ್ ಗೆರೆಯಿಂದ ಅದನ್ನು ಕಳೆದರೆ ಲ್ಯಾಟಿಸ್, ಗ್ರೀಸ್ ಎರಡೂ ಹೋಗುತ್ತವೆ. ಹರಳು ಓರೆಯಾಗಿ ಕೂತು ಫೀಲ್ಡ್ ಪದರಕ್ಕೆ ಸಮಾನಾಂತರವಾದರೆ 20 ಟೆಸ್ಲಾ ಕೂಡ ಸಾಲದು. ಥರ್ಮಾಮೀಟರನ್ನು ಅದೇ ಫೀಲ್ಡ್‌ನಲ್ಲಿ ಕ್ಯಾಲಿಬ್ರೇಟ್ ಮಾಡದಿದ್ದರೆ ಕಳೆದ ಮೇಲೆ ಉಳಿಯುವುದು ಅದರ ತಪ್ಪೇ. ಟಿಸಿ (ಸೂಪರ್‌ಕಂಡಕ್ಟರ್ ಆಗುವ ತಾಪಮಾನ) ಸುತ್ತ ಪಲ್ಸ್ ಶೇ. 0.5ಕ್ಕೆ ಇಳಿಸಿ: ಈಗಿನದು 0.19 ಕೆಲ್ವಿನ್ ಏರಿಕೆ, ಜಿಗಿತವನ್ನೇ ಸವರಿಬಿಡುತ್ತದೆ.

ಬೀಟಾ ಟಿ-ಘನ ಫಿಟ್ (ಲ್ಯಾಟಿಸ್ ಪಾಲು ತಾಪಮಾನದ ಘನದಂತೆ ಏರುತ್ತದೆ ಎಂಬ ಸೂತ್ರ) ಹಾಕಿ ಲ್ಯಾಟಿಸ್ ತೆಗೆಯಲು ಮಾತ್ರ ಹೋಗಬೇಡಿ. ಇಂಥ ಮೆದು ಹರಳುಗಳಲ್ಲಿ ಅದು 3 ಕೆಲ್ವಿನ್ ದಾಟಿದರೆ ನಂಬಿಕೆಗೆ ಯೋಗ್ಯವಲ್ಲ.

ತಣ್ಣನೆಯ_ತಟ್ಟೆ: ಇನ್ನೊಂದಿಷ್ಟು. ಹರಳಿನ ಅಗಲ ಮುಖ ಪ್ಲಾಟ್‌ಫಾರ್ಮ್ ಮೇಲೆ ಕೂರಲಿ, ಗ್ರೀಸ್ ತೆಳುವಾಗಿರಲಿ. ಸಿಲ್ವರ್ ಪೇಸ್ಟ್ ಬೇಡ, ಅದರ ದ್ರಾವಕ ಹರಳನ್ನು ತಿನ್ನಬಹುದು. ಹಲವು ಹರಳು ಬೇಕಾದರೆ ಪಕ್ಕಪಕ್ಕ ಇಡಿ. ಒಂದರ ಮೇಲೊಂದು ಪೇರಿಸಿದರೆ ಟೌ-2 (ಹರಳು ಮತ್ತು ಪ್ಲಾಟ್‌ಫಾರ್ಮ್ ಒಂದೇ ತಾಪಮಾನಕ್ಕೆ ಬರಲು ಹಿಡಿಯುವ ಸಮಯ) ಬೆಳೆದು ಕಪ್ಲಿಂಗ್, ಅಂದರೆ ಅವುಗಳ ಶಾಖ ಸಂಪರ್ಕ, ಶೇ. 95ರ ಕೆಳಗೆ ಬೀಳುತ್ತದೆ. ಗ್ರೀಸ್ ಸಮೇತ ಅಡೆಂಡಾ (ಹರಳಿಲ್ಲದ ಪ್ಲಾಟ್‌ಫಾರ್ಮ್‌ನ ಹೀಟ್ ಕೆಪಾಸಿಟಿ) ಮೊದಲೇ ಅಳೆದು, ಆ ಗ್ರೀಸನ್ನು ಒರೆಸದೆ ಅದರ ಮೇಲೇ ಹರಳು ಇಡಬೇಕು.

100ರಿಂದ 60 ಕೆಲ್ವಿನ್‌ವರೆಗೆ ನಿಮಿಷಕ್ಕೆ 0.2 ಕೆಲ್ವಿನ್‌ನಂತೆ ಇಳಿಸಿ, ಮೂರು ಗಂಟೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಬಿಇಡಿಟಿ-ಟಿಟಿಎಫ್ ಅಣುವಿನ ಎಥಿಲೀನ್ ತುದಿಗಳು ಅಡ್ಡಾದಿಡ್ಡಿಯಾಗಿ ಹೆಪ್ಪುಗಟ್ಟುವುದು ಅಲ್ಲೇ. ಇದೇ ಕುಟುಂಬದ ಬ್ರೋಮೈಡ್ ಉಪ್ಪಿನಲ್ಲಿ ಇದರ ಪೆಟ್ಟು ಇನ್ನೂ ಜೋರು.

ಹರಳುಪುಡಿ: ಧನ್ಯವಾದ. 9 ಟೆಸ್ಲಾದಲ್ಲಿ 1 ಕೆಲ್ವಿನ್ ಕೆಳಗೆ ಸಿ/ಟಿ (ಹೀಟ್ ಕೆಪಾಸಿಟಿ ಭಾಗಿಸು ತಾಪಮಾನ) ಮೇಲೇಳುವುದು ಯಾಕೆ?

ನಾಲ್ಕು_ಕೆಲ್ವಿನ್: ಮುಖ್ಯವಾಗಿ ಹೈಡ್ರೋಜನ್ ನ್ಯೂಕ್ಲಿಯಸ್‌ಗಳ (ಪ್ರೋಟಾನ್‌ಗಳ) ಶಾಟ್ಕಿ ಬಾಲ: ಫೀಲ್ಡ್‌ನಲ್ಲಿ ಅವುಗಳ ಶಕ್ತಿಮಟ್ಟ ಸೀಳುವುದರಿಂದ ಬರುವ ಹೀಟ್ ಕೆಪಾಸಿಟಿ. ಸಿ ಅಲ್ಲಿ ಫೀಲ್ಡ್‌ನ ವರ್ಗದಂತೆ ಏರುತ್ತದೆ, ಟಿ ವರ್ಗಕ್ಕೆ ವಿಲೋಮ. ಎರಡು ಫೀಲ್ಡ್‌ಗಳಲ್ಲಿ ಅಳೆದು ಅನುಪಾತ ನೋಡಿ, ಹೊಂದಿದರೆ ಕಳೆಯಿರಿ. ಕಳೆದ ಮೇಲೂ 9.4ರಲ್ಲಿ ಏನೂ ಏಳದಿದ್ದರೆ ಆಗ ಹರಳನ್ನು ಅನುಮಾನಿಸಿ: ರೆಸಿಸ್ಟೆನ್ಸ್ ಸೊನ್ನೆಯಾಗಲು ಸೂಪರ್‌ಕಂಡಕ್ಟರ್ ಆದ ಒಂದು ಎಳೆ ಸಾಕು.