ಕ್ರೋನ್ಸ್‌ಗೆ ಕರುಳಿನ ಆಪರೇಷನ್: ತಮ್ಮನಿಗೆ ಇನ್ನು ಐದು ವಾರ ಇದೆ, ನಿಮ್ಮ ಅನುಭವ ಹೇಳಿ

ಕೇಳಿದವರು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 26 ವರ್ಷ. ನಾಲ್ಕು ವರ್ಷದಿಂದ ಕ್ರೋನ್ಸ್ ಇದೆ, ಅಂದ್ರೆ ಕರುಳಿನಲ್ಲಿ ಉರಿಯೂತ, ಹುಣ್ಣು ಆಗುತ್ತಲೇ ಇರುವ ದೀರ್ಘ ಕಾಯಿಲೆ. ಸಣ್ಣ ಕರುಳಿನ ಕೊನೆಯ ಭಾಗ ತುಂಬಾ ಕಿರಿದಾಗಿದೆ. ಉಂಡ ಮೇಲೆ ಹೊಟ್ಟೆ ಉಬ್ಬುತ್ತದೆ, ನುಲಿಯುತ್ತದೆ, ಕೆಲವೊಮ್ಮೆ ವಾಂತಿ ಆಗುತ್ತದೆ. ಸುಮಾರು 25 ಸೆಂಟಿಮೀಟರ್ ಕತ್ತರಿಸಿ ತೆಗೆದು ಜೋಡಿಸುತ್ತಾರಂತೆ. ಒಳಗೆ ನೋಡಿದ ಮೇಲೆ ಬೇಕೆನಿಸಿದರೆ ಸ್ವಲ್ಪ ತಿಂಗಳು ಮಲ ಹೊರಗೆ ಬಂದು ಸೇರುವ ಹಾಗೆ ಹೊಟ್ಟೆ ಮೇಲೆ ಚೀಲ ಇಡುತ್ತೇವೆ ಅಂತಲೂ ಸರ್ಜನ್ ಹೇಳಿದ್ದಾರೆ. ತಾರೀಖು ಐದು ವಾರ ಬಿಟ್ಟು. ಈಗ ತೂಕ 46 ಕೆಜಿ, ಹಿಮೋಗ್ಲೋಬಿನ್ 9.2. ಚೀಲದ ಮಾತು ಕೇಳಿದಾಗಿನಿಂದ ಅವ್ವ ಸರಿಯಾಗಿ ಊಟ ಮಾಡುತ್ತಿಲ್ಲ. ಈ ಐದು ವಾರ ನಾವು ಏನು ಮಾಡಬೇಕು? ಆಮೇಲೆ ಎಷ್ಟು ದಿನ ಕಷ್ಟ? ಇದನ್ನು ದಾಟಿ ಬಂದವರು ಇದ್ದರೆ ದಯವಿಟ್ಟು ಬರೆಯಿರಿ.

ಬೀದರ್‌ನಿಂದ

ತಂಗಿ, ನನಗೂ ಅದೇ ಜಾಗದಲ್ಲಿ 2019ರಲ್ಲಿ ಆಪರೇಷನ್ ಆಯಿತು. 22 ಸೆಂಟಿಮೀಟರ್ ಸಣ್ಣ ಕರುಳು, ಅದಕ್ಕೆ ಅಂಟಿಕೊಂಡ ದೊಡ್ಡ ಕರುಳಿನ ಶುರುವಿನ ತುಂಡು, ಅಪೆಂಡಿಕ್ಸ್, ಇಷ್ಟು ತೆಗೆದರು. ಮೊದಲು ಅವ್ವನಿಗೆ ಒಂದು ಮಾತು ಹೇಳಿ. ಸಣ್ಣ ಕರುಳು ಐದಾರು ಮೀಟರ್ ಉದ್ದ ಇರುತ್ತದೆ. ಈಗ ತೆಗೆಯುವುದು ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದೂ ಕೆಟ್ಟುಹೋಗಿ ದಾರಿ ಕಟ್ಟಿಕೊಂಡು ಕೂತಿರುವ ಗೇಣು.

ನನಗೆ ಮೊದಲು ಕೊಟ್ಟ ತಾರೀಖಿಗೆ ನಾನು 44 ಕೆಜಿ ಇದ್ದೆ. ರಕ್ತ ಪರೀಕ್ಷೆಯಲ್ಲಿ ಅಲ್ಬುಮಿನ್ ಅನ್ನುವ ಪ್ರೋಟೀನ್ ಕಡಿಮೆ ಬಂತು. ಸರ್ಜನ್ ಆರು ವಾರ ಮುಂದೆ ಹಾಕಿದರು. ಅಷ್ಟು ನೋವಿನಲ್ಲಿ ವಾಪಸ್ ಕಳಿಸಿದರಲ್ಲ ಅಂತ ನನಗೆ ಸಿಟ್ಟು ಬಂದಿತ್ತು. ಈಗ ಅವರಿಗೆ ಕೈ ಮುಗಿಯುತ್ತೇನೆ. ಶರೀರದಲ್ಲಿ ಶಕ್ತಿ ಇಲ್ಲದಾಗ ಕರುಳು ಜೋಡಿಸಿದರೆ ಜೋಡಣೆ ಬಿಟ್ಟುಕೊಂಡು ಸೋರುವ ಭಯ ಜಾಸ್ತಿ. ಚೀಲ ಹಾಕಬೇಕಾಗುವ ಒಂದು ಕಾರಣವೂ ಅದೇ. ಹಾಗಾಗಿ ಈ ಐದು ವಾರ ಸುಮ್ನೆ ಕಾಯುತ್ತಾ ಕೂರಬೇಡಿ. ಆಪರೇಷನ್ ಇವತ್ತಿನಿಂದಲೇ ಶುರುವಾಗಿದೆ ಅಂದುಕೊಳ್ಳಿ.

ನಾನು ಮಾಡಿದ್ದು ಹೇಳುತ್ತೇನೆ. ಆಸ್ಪತ್ರೆಯ ಡಯಟಿಷಿಯನ್ ಆರು ವಾರ ಪೂರ್ತಿ ಪುಡಿ ಕಲಸಿದ ದ್ರವ ಆಹಾರವನ್ನೇ ಕುಡಿಸಿದರು. ಬೇರೆ ಊಟ ಇಲ್ಲ. ಇದು ಕರುಳಿನ ಉರಿಯೂತವನ್ನೂ ಇಳಿಸುತ್ತದೆ, ತೂಕವನ್ನೂ ಏರಿಸುತ್ತದೆ. ಮೊದಲ ನಾಲ್ಕು ದಿನ ಬಾಯಿ ಕೆಟ್ಟು ಅಳು ಬರುವ ಹಾಗಾಗಿತ್ತು. ತಣ್ಣಗೆ ಮಾಡಿ, ಸ್ಟ್ರಾ ಹಾಕಿ, ಗುಟುಕು ಗುಟುಕಾಗಿ ಕುಡಿದರೆ ಇಳಿಯುತ್ತದೆ. ಆರು ವಾರಕ್ಕೆ ನಾಲ್ಕು ಕೆಜಿ ಬಂದೆ. ನಿಮ್ಮ ತಮ್ಮನಿಗೆ ಇದು ಬೇಕಾ ಅಂತ ಡಾಕ್ಟರನ್ನು ಈ ವಾರವೇ ಕೇಳಿ, ತಡ ಮಾಡಬೇಡಿ. ಅಂಗಡಿಯಲ್ಲಿ ಸಿಗುವ ಯಾವುದೋ ಪ್ರೋಟೀನ್ ಪುಡಿ ತಂದು ಕೊಡಬೇಡಿ. ಹಿಮೋಗ್ಲೋಬಿನ್ 9.2ಕ್ಕೆ ಕಬ್ಬಿಣದ ಗುಳಿಗೆ ಹೊಟ್ಟೆ ಕೆಡಿಸಬಹುದು. ನನಗೆ ನರಕ್ಕೆ ಡ್ರಿಪ್ ಹಾಕಿ ಕಬ್ಬಿಣ ಕೊಟ್ಟರು. ಅದನ್ನೂ ಕೇಳಿ.

ಊಟ ಮಾಡುತ್ತಿದ್ದರೆ ಮೆತ್ತಗಿರಲಿ. ನಮ್ಮ ತೊಗರಿ ಬೇಳೆಯನ್ನು ಪೂರ್ತಿ ಬೇಯಿಸಿ ಸೋಸಿದ ಕಟ್ಟು, ಕಿವುಚಿದ ಅನ್ನ, ಮೊಟ್ಟೆ, ಮೊಸರು. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರು ಸಲ. ಪುಂಡಿ ಪಲ್ಯ, ಶೇಂಗಾ, ಹಸಿ ಸೌತೆಕಾಯಿ, ಸೀತನಿ, ಮೆಕ್ಕೆಜೋಳ ಈಗ ಬೇಡವೇ ಬೇಡ. ಒಂದು ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಬಜ್ಜಿ ಪಲ್ಯ, ಸಜ್ಜೆ ರೊಟ್ಟಿ ತಿಂದು, ಅದೇ ರಾತ್ರಿ ಕರುಳು ಕಟ್ಟಿ ಮೂಗಿಗೆ ಪೈಪು ಹಾಕಿಸಿಕೊಂಡವನು ನಾನು. ಅಂದು ಒತ್ತಾಯ ಮಾಡಿ ಬಡಿಸಿದ ನಮ್ಮ ಕಾಕಿ ಇವತ್ತಿಗೂ ನೊಂದುಕೊಳ್ಳುತ್ತಾರೆ. ಮನೆಯವರಿಗೆಲ್ಲ ಮೊದಲೇ ಹೇಳಿಬಿಡಿ.

ಇನ್ನು ಗುಳಿಗೆ. ಸ್ಟೀರಾಯ್ಡ್ ತಗೊಳ್ಳುತ್ತಿದ್ದರೆ ತಾನಾಗಿ ಒಮ್ಮೆಲೇ ಬಿಡಬಾರದು, ಪ್ರಾಣಕ್ಕೆ ಬರುತ್ತದೆ. ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು. ಅನಸ್ತೇಷಿಯಾ ಡಾಕ್ಟರಿಗೆ ಎಷ್ಟು ದಿನದಿಂದ, ಎಷ್ಟು ಮಿಲಿಗ್ರಾಂ ಅಂತ ಚೀಟಿ ಬರೆದು ಕೊಡಿ. ಕ್ರೋನ್ಸ್‌ಗೆ ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್ ತರಹದ ಇಂಜೆಕ್ಷನ್ ನಡೆಯುತ್ತಿದ್ದರೆ ಕೊನೆಯದು ಯಾವಾಗ ಅಂತ ಸರ್ಜನ್‌ಗೆ ತಿಳಿಸಿ. ಹೊಟ್ಟೆ ನೋವಿಗೆ ಅಂತ ಮೆಡಿಕಲ್‌ನಿಂದ ಡೈಕ್ಲೋಫೆನಾಕ್ ತರಹದ ಗುಳಿಗೆ ತರಬೇಡಿ, ಕ್ರೋನ್ಸ್ ಕೆರಳಬಹುದು. ನಿಮ್ಮ ತಮ್ಮ ಸಿಗರೇಟು, ಬೀಡಿ ಸೇದುತ್ತಿದ್ದರೆ ಇವತ್ತೇ ನಿಲ್ಲಿಸಬೇಕು. ಗಾಯ ಮಾಯುವುದಕ್ಕೂ ಅದು ಅಡ್ಡಿ. ಆಪರೇಷನ್ ಆದ ಮೇಲೆ ಕ್ರೋನ್ಸ್ ಮತ್ತೆ ಬರುವುದನ್ನು ತಡೆಯಲು ನಮ್ಮ ಕೈಯಲ್ಲಿರುವ ದೊಡ್ಡ ಉಪಾಯವೇ ಸೇದುವುದನ್ನು ಬಿಡುವುದು.

ಯಾದಗಿರಿಯಿಂದ

ಅಕ್ಕಾ, ನನಗೆ ಚೀಲ ಇತ್ತು. ನಾಲ್ಕು ತಿಂಗಳು. ಅದಕ್ಕೇ ಚೀಲದ ಬಗ್ಗೆ ಮಾತ್ರ ಬರೆಯುತ್ತೇನೆ. ಅವ್ವನಿಗೆ ಓದಿ ಹೇಳಿ.

ಆಪರೇಷನ್ ಮುಂಚೆಯೇ ಚೀಲ ಬರುವ ಜಾಗಕ್ಕೆ ಹೊಟ್ಟೆ ಮೇಲೆ ಪೆನ್ನಿನಿಂದ ಗುರುತು ಹಾಕಿಸಿಕೊಳ್ಳಬೇಕು. ಬರೀ ಮಲಗಿಸಿ ಹಾಕಿದರೆ ಸಾಲದು. ನಿಂತು, ಕೂತು, ಬಗ್ಗಿ ನೋಡಬೇಕು. ಕೂತಾಗ ಹೊಟ್ಟೆ ಮಡಿಕೆ ಬೀಳುವ ಜಾಗಕ್ಕೆ ಬಂದರೆ ಚೀಲ ಅಂಟಿ ನಿಲ್ಲುವುದಿಲ್ಲ. ನಾನು ಪರಕರದ ಲಾಡಿ ಎಲ್ಲಿ ಕಟ್ಟುತ್ತೇನೆ, ರೊಟ್ಟಿ ಬಡಿಯಲು ನೆಲದ ಮೇಲೆ ಹೇಗೆ ಕೂರುತ್ತೇನೆ ಅಂತ ಗುರುತು ಹಾಕುವ ಸಿಸ್ಟರ್‌ಗೆ ಕೂತು ತೋರಿಸಿದೆ. ಅವರು ಗುರುತನ್ನು ಎರಡು ಬೆರಳು ಸರಿಸಿದರು. ಆ ಎರಡು ಬೆರಳಿನಿಂದ ನಾಲ್ಕು ತಿಂಗಳು ನೆಮ್ಮದಿಯಾಗಿ ಕೂತೆ. ನಿಮ್ಮ ತಮ್ಮ ದಿನಾ ಹಾಕುವ ಪ್ಯಾಂಟು, ಬೆಲ್ಟ್ ಹಾಕಿಕೊಂಡೇ ಹೋಗಲಿ.

ಸ್ಟೋಮಾ ಅಂದ್ರೆ ಹೊಟ್ಟೆಯಿಂದ ಸ್ವಲ್ಪ ಹೊರಗೆ ಬಂದ ಕರುಳಿನ ತುದಿ. ಕೆಂಪಗೆ, ಒದ್ದೆಯಾಗಿ, ಬಾಯಿಯ ಒಳಭಾಗದ ಹಾಗೆ ಕಾಣುತ್ತದೆ. ಮುಟ್ಟಿದರೆ ನೋವಾಗುವುದಿಲ್ಲ. ಬಣ್ಣ ಕಪ್ಪು ಅಥವಾ ನೇರಳೆಗೆ ತಿರುಗಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಚೀಲ ಅರ್ಧ ತುಂಬುವುದರೊಳಗೆ ಖಾಲಿ ಮಾಡಬೇಕು, ಭಾರಕ್ಕೆ ಕಿತ್ತು ಬರುತ್ತದೆ. ಚೀಲವನ್ನು ಹೊಟ್ಟೆಗೆ ಹಿಡಿಸುವ ಅಂಟಿನ ಪ್ಲೇಟಿನಲ್ಲಿ ಕತ್ತರಿಸುವ ರಂಧ್ರ ಸ್ಟೋಮಾಗಿಂತ ಎರಡು ಮಿಲಿಮೀಟರ್ ಮಾತ್ರ ದೊಡ್ಡದಿರಲಿ. ದೊಡ್ಡದಾದರೆ ಸಣ್ಣ ಕರುಳಿನ ರಸ ಚರ್ಮಕ್ಕೆ ತಾಗಿ ಸುಟ್ಟ ಹಾಗೆ ಆಗುತ್ತದೆ. ಮೊದಲ ಆರೆಂಟು ವಾರ ಸ್ಟೋಮಾ ಕುಗ್ಗುತ್ತಾ ಬರುತ್ತದೆ, ಪ್ರತಿ ಸಲ ಅಳತೆ ನೋಡಿ ಕತ್ತರಿಸಿ. ಇದು ಗೊತ್ತಿಲ್ಲದೆ ನಾನು ಹಳೇ ಅಳತೆಗೇ ಹದಿನೈದು ದಿನ ಕತ್ತರಿಸಿ ಚರ್ಮ ಕಿತ್ತುಕೊಂಡೆ.

ನನಗೆ ಆಪರೇಷನ್ ಆಗಿದ್ದು ಮಾರ್ಚ್‌ನಲ್ಲಿ. ಮುಂದೆ ಏಪ್ರಿಲ್, ಮೇ. ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟುತ್ತದೆ, ನಿಮಗೆ ಹೇಳಬೇಕಾಗಿಲ್ಲ. ಬೆವರಿಗೆ ಅಂಟು ಬಿಡುತ್ತದೆ. ಅದಕ್ಕಿಂತ ಹೆಚ್ಚಿನ ಅಪಾಯ ಬೇರೆ ಇದೆ. ಈ ಚೀಲದಲ್ಲಿ ನೀರು, ಉಪ್ಪು ಎರಡೂ ಹೊರಗೆ ಹೋಗುತ್ತವೆ. ಬಾಯಾರಿಕೆ ಅಂತ ನಾನು ಕೊಡದಲ್ಲಿನ ನೀರು ಕುಡಿದೇ ಕುಡಿದೆ. ಬರೀ ನೀರು ಜಾಸ್ತಿ ಕುಡಿದಷ್ಟೂ ಚೀಲಕ್ಕೆ ಜಾಸ್ತಿ ಹೋಯಿತು. ಮೀನಖಂಡ ಹಿಡಿದುಕೊಂಡಿತು, ಮೂತ್ರ ಹಳದಿಯಾಗಿ ಕಡಿಮೆಯಾಯಿತು, ಎದ್ದರೆ ತಲೆ ತಿರುಗಿತು. ಎರಡು ದಿನ ಸಲೈನ್ ಹಾಕಿಸಿಕೊಂಡೆ. ಆಮೇಲೆ ಕಲಿತದ್ದು ಇಷ್ಟು. ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪ್ಯಾಕೆಟ್ ಪೂರ್ತಿ ಕಲಸಿ ದಿನವಿಡೀ ಗುಟುಕರಿಸುವುದು. ಉಪ್ಪು ಹಾಕಿದ ಗಂಜಿ, ಉಪ್ಪಿನ ಮಜ್ಜಿಗೆ. ಸಾಬೂದಾನಿ, ಅನ್ನ, ಬಾಳೆಹಣ್ಣು ತಿಂದರೆ ಗಟ್ಟಿಯಾಗುತ್ತದೆ. ಚೀಲಕ್ಕೆ ಬಂದದ್ದನ್ನು ಅಳತೆಯ ಜಗ್ಗಿನಲ್ಲಿ ನೋಡಿ ಬರೆದಿಡುವುದು. ದಿನಕ್ಕೆ ಒಂದೂವರೆ ಲೀಟರ್ ದಾಟಿದರೆ ಡಾಕ್ಟರಿಗೆ ಫೋನ್ ಮಾಡಬೇಕು, ನಾಳೆ ನೋಡೋಣ ಅನ್ನಬಾರದು.

ಚೀಲಗಳು ನಮ್ಮ ಊರಿನ ಮೆಡಿಕಲ್‌ಗಳಲ್ಲಿ ಸಿಗಲಿಲ್ಲ. ಡಿಸ್ಚಾರ್ಜ್ ದಿನವೇ ಒಂದು ತಿಂಗಳಿಗಾಗುವಷ್ಟು ತಂದುಕೊಳ್ಳಿ. ತಗಡಿನ ಪತ್ರಾಸ್ ಮನೆಯಲ್ಲಿ ಇಡಬೇಡಿ, ಬಿಸಿಗೆ ಅಂಟು ಹಾಳಾಗುತ್ತದೆ.

ನಮ್ಮ ಅತ್ತೆ ಮೊದಲ ದಿನ ನೋಡಿ ಸೆರಗು ಬಾಯಿಗೆ ಇಟ್ಟುಕೊಂಡು ಹೊರಗೆ ಹೋದರು. ಮೂರನೇ ವಾರಕ್ಕೆ ಅವರೇ ಕೈ ತೊಳೆದುಕೊಂಡು ಬಂದು ಪ್ಲೇಟು ಹಾಕಿಕೊಟ್ಟರು.

ಕಲಬುರಗಿಯಿಂದ, ಪೇಷಂಟಿನ ಹೆಂಡತಿ

ನಾನು ಪಕ್ಕದಲ್ಲಿ ನಿಂತು ನೋಡಿದವಳು. ಪೇಷಂಟ್ ಜೊತೆ ಇರುವವರಿಗೆ ನಾಲ್ಕು ಮಾತು.

ಕಾಗದ ಮೊದಲು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್ ಸರ್ಕಾರ ಕೊಡುತ್ತದೆ. ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸುವುದಾದರೆ ಜಿಮ್ಸ್ ತರಹದ ಸರ್ಕಾರಿ ಆಸ್ಪತ್ರೆಯ ರೆಫರಲ್ ಕೇಳುತ್ತಾರೆ. ಅಡ್ಮಿಟ್ ಆಗುವ ಮುಂಚೆಯೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಕಂಡು ಮಾತಾಡಿ. ಹೈದರಾಬಾದ್, ಸೋಲಾಪುರಕ್ಕೆ ಹೋಗುವುದಾದರೆ ಅಲ್ಲಿ ಕಾರ್ಡ್ ನಡೆಯುತ್ತದಾ ಅಂತ ಮೊದಲೇ ಕೇಳಿ. ನಾವು ಕೇಳದೆ ಹೋಗಿ ಬಂಗಾರ ಅಡವಿಟ್ಟೆವು.

ಆಪರೇಷನ್ ಆದ ಮರುದಿನವೇ ಎಬ್ಬಿಸಿ ನಡೆಸುತ್ತಾರೆ. ಪೈಪುಗಳೆಲ್ಲ ನೇತಾಡುತ್ತಿರುವಾಗ ಹೇಗೆ ನಡೆಸುವುದು ಅಂತ ನನಗೆ ಕೈಕಾಲು ನಡುಗಿತು. ಆದರೆ ನಡೆದಷ್ಟೂ ಕರುಳು ಬೇಗ ಎಚ್ಚರಾಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆಯಾಗುತ್ತದೆ. ಮೂರು ಚೆಂಡಿನ ಉಸಿರಾಟದ ಯಂತ್ರ ಕೊಡುತ್ತಾರೆ, ಅದನ್ನು ಈಗಿನಿಂದಲೇ ಮನೆಯಲ್ಲಿ ಅಭ್ಯಾಸ ಮಾಡಿಸಿ. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿದರೆ ಹೊಲಿಗೆ ಅಷ್ಟು ನೋಯುವುದಿಲ್ಲ. ಎರಡು ಮೂರು ದಿನ ಡಾಕ್ಟರ್ ಬಂದು ಕೇಳುವುದು ಒಂದೇ ಮಾತು, ಗ್ಯಾಸ್ ಹೋಯಿತಾ ಅಂತ. ನಮ್ಮವರಿಗೆ ನಾಲ್ಕನೇ ದಿನ ಹೋಯಿತು. ಆ ದಿನ ನಾನು ಶರಣಬಸವೇಶ್ವರರಿಗೆ ಕಾಯಿ ಒಡೆಸಿದೆ.

ಕ್ರೋನ್ಸ್ ಇರುವವರಿಗೆ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಅದಕ್ಕೆ ಹೊಟ್ಟೆಗೆ ಚುಚ್ಚುವ ಹೆಪಾರಿನ್ ತರಹದ ಇಂಜೆಕ್ಷನ್ ಮನೆಗೆ ಬಂದ ಮೇಲೂ ನಾಲ್ಕು ವಾರದವರೆಗೆ ಇರಬಹುದು. ಡಿಸ್ಚಾರ್ಜ್ ಗದ್ದಲದಲ್ಲಿ ಇದನ್ನು ಕೇಳಲು ಮರೆಯಬೇಡಿ. ಒಂದು ಕಾಲು ಮಾತ್ರ ಊದಿದರೆ, ಉಸಿರು ಕಟ್ಟಿದರೆ ಓಡಬೇಕು.

ಇನ್ನೊಂದು ಭಯದ ಕಾಲ ಮೊದಲ ಹತ್ತು ದಿನ. ಕಡಿಮೆಯಾಗುತ್ತಿದ್ದ ನೋವು ಮತ್ತೆ ಏರಿದರೆ, ಜ್ವರ, ಚಳಿ, ನಾಡಿ ಜೋರಾಗಿ ಹೊಡೆದುಕೊಂಡರೆ, ಹೊಟ್ಟೆ ಗಟ್ಟಿಯಾದರೆ ಜೋಡಣೆ ಸೋರುತ್ತಿರಬಹುದು. ಮನೆಯಲ್ಲಿ ಜ್ವರದ ಗುಳಿಗೆ ಕೊಟ್ಟು ಕೂರಬೇಡಿ.

ಮನೆಗೆ ಬಂದ ಮೇಲೆ ಆರು ವಾರ ಭಾರ ಎತ್ತಬಾರದು. ನಮ್ಮ ಓಣಿಯಲ್ಲಿ ನೀರು ಬಂದ ದಿನ ಎಲ್ಲರೂ ಕೊಡ ಹಿಡಿದು ಓಡುತ್ತೇವಲ್ಲ, ಸುಮ್ನೆ ಕೂತಿರಲು ಗಂಡಸಿಗೆ ನಾಚಿಕೆಯಾಗುತ್ತದೆ. ನಮ್ಮವರು ಮೂರನೇ ವಾರ ಎರಡು ಕೊಡ ಎತ್ತಿಬಿಟ್ಟರು. ಗಾಯದ ಜಾಗದಲ್ಲಿ ಹರ್ನಿಯಾ ಆಯಿತು. ತಮ್ಮನನ್ನು ಎತ್ತಲು ಬಿಡಬೇಡಿ.

ಕೇಳಿದವರು, ಕಲಬುರಗಿ

ಅಣ್ಣಾ, ಅಕ್ಕಾ, ಎಲ್ಲವನ್ನೂ ಅವ್ವನಿಗೆ ಓದಿ ಹೇಳಿದೆ. ಇನ್ನೆರಡು ಪ್ರಶ್ನೆ. ಜೋಳದ ರೊಟ್ಟಿ ಮತ್ತೆ ತಿನ್ನಬಹುದಾ? ಅವನು ಅದಿಲ್ಲದೆ ಊಟ ಮಾಡಿದ ಹಾಗೆ ಅಲ್ಲ ಅನ್ನುತ್ತಾನೆ. ಮತ್ತೆ, ಆಪರೇಷನ್ ಆದ ಮೇಲೆ ಗುಳಿಗೆ ಎಲ್ಲ ಬಂದ್ ಅಂತ ಖುಷಿಯಲ್ಲಿದ್ದಾನೆ. ಹೌದಾ?

ಬೀದರ್‌ನಿಂದ

ರೊಟ್ಟಿ ತಿನ್ನುತ್ತಾನೆ ತಂಗಿ. ನಾನು ಇವತ್ತು ಬೆಳಿಗ್ಗೆ ಎರಡು ತಿಂದಿದ್ದೇನೆ. ಮೊದಲ ಒಂದೂವರೆ ತಿಂಗಳು ಮೆತ್ತಗಿನ ಊಟ. ಆಮೇಲೆ ಬಿಸಿ ರೊಟ್ಟಿಯನ್ನು ಬೇಳೆ ಕಟ್ಟಿನಲ್ಲಿ ಚೆನ್ನಾಗಿ ನೆನೆಸಿ ಕಾಲು ರೊಟ್ಟಿಯಿಂದ ಶುರು ಮಾಡಿದೆ. ಕಟಕ್ ರೊಟ್ಟಿಗೆ ಆರು ತಿಂಗಳು ಕಾದೆ. ಒಂದು ದಿನಕ್ಕೆ ಒಂದೇ ಹೊಸ ಪದಾರ್ಥ ಸೇರಿಸಿದರೆ ಯಾವುದು ಒಗ್ಗಲಿಲ್ಲ ಅಂತ ಗೊತ್ತಾಗುತ್ತದೆ.

ಎರಡನೇ ಪ್ರಶ್ನೆಗೆ ಅವನ ಖುಷಿ ಕೆಡಿಸಬೇಕಾಗಿದೆ. ಆಪರೇಷನ್ ಕಿರಿದಾದ ತುಂಡನ್ನು ತೆಗೆಯುತ್ತದೆ, ಕ್ರೋನ್ಸ್ ಅನ್ನು ತೆಗೆಯುವುದಿಲ್ಲ. ಮತ್ತೆ ಬಂದರೆ ಹೆಚ್ಚಾಗಿ ಆ ಜೋಡಣೆಯ ಜಾಗದಲ್ಲೇ ಬರುತ್ತದೆ. ಅದೂ ಸದ್ದಿಲ್ಲದೆ ಬರುತ್ತದೆ. ಹೊಟ್ಟೆ ನೋವು ಶುರುವಾಗುವ ತಿಂಗಳುಗಟ್ಟಲೆ ಮೊದಲೇ ಒಳಗೆ ಹುಣ್ಣು ಇರುತ್ತದೆ. ಅದಕ್ಕೇ ಆರು ತಿಂಗಳಿಂದ ಒಂದು ವರ್ಷದೊಳಗೆ ಕೊಲೊನೊಸ್ಕೋಪಿ, ಅಂದ್ರೆ ಕ್ಯಾಮೆರಾ ಪೈಪಿನಿಂದ ಕರುಳಿನ ಒಳಗೆ ನೋಡುವ ಪರೀಕ್ಷೆ ಮಾಡಿಸಬೇಕು, ಎಷ್ಟೇ ಆರಾಮ ಇದ್ದರೂ. ನಾನು ಆರಾಮ ಇದ್ದೀನಲ್ಲ ಅಂತ ಒಂದೂವರೆ ವರ್ಷ ಹೋಗಲಿಲ್ಲ, ಕ್ರೋನ್ಸ್ ತಡೆಯುವ ಅಜಾಥಯೋಪ್ರಿನ್ ಗುಳಿಗೆ ಕೂಡ ಬಿಟ್ಟಿದ್ದೆ. ಹೋದಾಗ ಜೋಡಣೆ ಮೇಲೆ ಹುಣ್ಣುಗಳಿದ್ದವು. ಈಗ ಇಂಜೆಕ್ಷನ್ ಮೇಲೆ ಇದ್ದೇನೆ. ಆ ಒಂದೂವರೆ ವರ್ಷ ನನಗೆ ವಾಪಸ್ ಸಿಗುವುದಿಲ್ಲ. ಯಾವ ಗುಳಿಗೆ ಬೇಕು, ಬೇಡ ಅನ್ನುವುದನ್ನು ಗ್ಯಾಸ್ಟ್ರೋ ಡಾಕ್ಟರ್ ಹೇಳಲಿ, ಅವನಾಗಿ ಬಿಡುವುದು ಬೇಡ.

ಸಣ್ಣ ಕರುಳಿನ ಆ ತುದಿಯಲ್ಲೇ ಬಿ12 ವಿಟಮಿನ್ ಒಳಗೆ ಹೋಗುವುದು. 20 ಸೆಂಟಿಮೀಟರ್‌ಗಿಂತ ಜಾಸ್ತಿ ತೆಗೆದರೆ ಕೊರತೆ ಬರುವ ಸಾಧ್ಯತೆ ಇರುತ್ತದೆ. ರಕ್ತದಲ್ಲಿ ನೋಡಿಸಿ, ಬೇಕಾದರೆ ಇಂಜೆಕ್ಷನ್. ಮೊದಲ ಕೆಲವು ತಿಂಗಳು ದಿನಕ್ಕೆ ನಾಲ್ಕೈದು ಸಲ ನೀರಾಗಿ ಸಂಡಾಸಿಗೆ ಹೋದರೆ ಕ್ರೋನ್ಸ್ ಮತ್ತೆ ಬಂತು ಅಂತ ಹೆದರಬೇಡಿ. ಪಿತ್ತರಸ ಸರಿಯಾಗಿ ಹೀರಿಕೊಳ್ಳದೆ ಹಾಗೆ ಆಗಬಹುದು, ಅದಕ್ಕೆ ಬೇರೆ ಪುಡಿ ಇದೆ. ಪುಡಿ ತಗೊಂಡ ಎರಡೇ ದಿನದಲ್ಲಿ ನನಗೆ ನಿಂತಿತು. ಚೆಕಪ್‌ಗೆ ದೂರ ಹೋಗುವಾಗ ನಾನು ಬಸ್ಸು ಹತ್ತುವುದಿಲ್ಲ, ರೈಲಿಗೇ ಹೋಗುತ್ತೇನೆ. ಬೋಗಿಯಲ್ಲೇ ಸಂಡಾಸು ಇದೆ ಅನ್ನುವ ಧೈರ್ಯ.

ಡಿಸ್ಚಾರ್ಜ್ ಕಾಗದದ ಜೊತೆ ಆಪರೇಷನ್ ನೋಟ್ ಮತ್ತು ಬಯಾಪ್ಸಿ ರಿಪೋರ್ಟ್ ಕೇಳಿ ತಗೊಳ್ಳಿ. ಎಷ್ಟು ತೆಗೆದರು, ಹೇಗೆ ಜೋಡಿಸಿದರು ಅಂತ ಮುಂದಿನ ಪ್ರತಿಯೊಬ್ಬ ಡಾಕ್ಟರೂ ಕೇಳುತ್ತಾರೆ.

ಕೇಳಿದವರು, ಕಲಬುರಗಿ

ಇವತ್ತು ಡಾಕ್ಟರ್ ಹತ್ತಿರ ಹೋಗಿ ಬಂದೆವು. ಗುರುವಾರ ಕಬ್ಬಿಣದ ಡ್ರಿಪ್. ನಾಳೆಯಿಂದ ದ್ರವ ಆಹಾರ ಶುರು, ಅಳತೆ ಬರೆದುಕೊಟ್ಟಿದ್ದಾರೆ. ಸ್ಟೋಮಾ ಸಿಸ್ಟರ್ ಗುರುತು ಹಾಕುವ ದಿನ ಪ್ಯಾಂಟು, ಬೆಲ್ಟ್ ಹಾಕಿಕೊಂಡು ಬಾ ಅಂತ ಅವರೇ ಹೇಳಿದರು. ಅವ್ವ ಯಾದಗಿರಿಯ ಅಕ್ಕ ಬರೆದದ್ದನ್ನು ಇನ್ನೊಂದು ಸಲ ಓದಿಸಿಕೊಂಡು, ಅಳತೆಯ ಜಗ್ಗು ಎಲ್ಲಿ ಸಿಗುತ್ತದೆ ಅಂತ ಕೇಳಿದಳು.