ಸಹಾಯ ಬೇಕು: ಸೈನ್ಯದಿಂದ ಬಂದ ಮೇಲೆ ಎಲ್‌ಎಲ್‌ಬಿ ಓದಬೇಕು

ಎಲ್ಲರಿಗೂ ಶರಣು. ನಮ್ಮದು ಕಲಬುರಗಿ ಜಿಲ್ಲೆ, ಆಳಂದ ತಾಲ್ಲೂಕು. 17 ವರ್ಷ ಸೈನ್ಯದಲ್ಲಿದ್ದು, ಹೋದ ವರ್ಷ ಹವಾಲ್ದಾರನಾಗಿ ನಿವೃತ್ತಿ ಪಡೆದೆ. ಈಗ ವಯಸ್ಸು 37. ಬಂದಾಗಿನಿಂದ ಎಲ್ಲರದೂ ಒಂದೇ ಮಾತು, ಬ್ಯಾಂಕಿನಲ್ಲಿ ಗಾರ್ಡ್ ಕೆಲಸ ಹಿಡಿ ಅಂತ. ನನಗೆ ವಕೀಲನಾಗುವ ಆಸೆ. ಹೊಲದ ಬದುವಿನ ಕೇಸಿಗೆ ರಜೆಯೆಲ್ಲ ಕೋರ್ಟಿನಲ್ಲೇ ಕಳೆದಿದ್ದೇನೆ, ಅದಕ್ಕೇ ಇರಬೇಕು.

ಎಸ್‌ಎಸ್‌ಎಲ್‌ಸಿ ಮುಗಿಸಿ ಭರ್ತಿ ಆದವನು ನಾನು. 15 ವರ್ಷಕ್ಕೆ ಸೈನ್ಯ ಕೊಡುವ ಪದವಿ ಸರ್ಟಿಫಿಕೇಟ್ ಕೆಲವು ನೌಕರಿಗೆ ನಡೆಯುತ್ತದೆ, ಆದರೆ ಅದು ಓದಿ ಪಡೆದ ಡಿಗ್ರಿ ಅಲ್ವಲ್ಲ. ಪುಣ್ಯಕ್ಕೆ ಸರ್ವಿಸ್‌ನಲ್ಲಿದ್ದಾಗಲೇ ಹನ್ನೆರಡನೇ ತರಗತಿ, ಆಮೇಲೆ ಬಿಎ, ಎರಡೂ ದೂರಶಿಕ್ಷಣದಲ್ಲಿ ಮುಗಿಸಿದ್ದೆ. ಹನ್ನೆರಡನೇ ತರಗತಿ ಬಿಟ್ಟು ನೇರ ಮುಕ್ತ ವಿಶ್ವವಿದ್ಯಾಲಯದ ಡಿಗ್ರಿ ಪಡೆದವರಿಗೆ ಬಾರ್ ಕೌನ್ಸಿಲ್ ನಿಯಮದಲ್ಲಿ ಎಲ್‌ಎಲ್‌ಬಿ ಇಲ್ಲ. ನನ್ನ ಜೊತೆಗಾರನೊಬ್ಬ ಹಾಗೇ ಸಿಕ್ಕಿಬಿದ್ದ.

ಕಲಬುರಗಿಯಲ್ಲಿ 3 ವರ್ಷದ ಎಲ್‌ಎಲ್‌ಬಿ ಓದಿದವರು ಇದ್ದರೆ ಹೇಳಿ. ಆಳಂದದಿಂದ ದಿನಾ ಬಸ್ಸಿನಲ್ಲಿ ಓಡಾಡಿ 70% ಹಾಜರಿ ಹಿಡಿಯಬಹುದಾ? ಪರೀಕ್ಷೆ ಕನ್ನಡದಲ್ಲಿ ಬರೆದವರಿಗೆ ಯಾವ ಪುಸ್ತಕ ಚಲೋ? ಮಾಜಿ ಸೈನಿಕರಿಗೆ ಫೀಸಿನಲ್ಲಿ ಏನಾದರೂ ಕಡಿಮೆ ಆಗಿದೆಯಾ? ಹಳೇ ಪುಸ್ತಕ ಇದ್ದರೆ ನಾನೇ ಬಂದು ಒಯ್ಯುತ್ತೇನೆ.

ಇನ್ನೊಂದು ಮಾತು, ನಗಬೇಡಿ. ಪುಸ್ತಕ ಹಿಡಿದರೆ ಹತ್ತೇ ನಿಮಿಷಕ್ಕೆ ನಿದ್ದೆ ಬರುತ್ತದೆ. ರಾತ್ರಿಯೆಲ್ಲ ಪಹರೆ ಕಾಯ್ದವನಿಗೆ ಹೀಗೆ! ಇದಕ್ಕೂ ಉಪಾಯ ಇದ್ದರೆ ಹೇಳಿ.