ಕರೆಂಟ್ ಹೋಗಿ ಬಂದ ಮೇಲೆ ಇನ್‌ಫಿನಿಬ್ಯಾಂಡ್ ಪೋರ್ಟ್‌ಗಳೆಲ್ಲ ‘ಇನಿಷಿಯಲೈಸಿಂಗ್’ನಲ್ಲೇ ನಿಂತಿವೆ

ಗೋಣಿಕೊಪ್ಪ_ಲ್ಯಾಬ್:
ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದ ಹತ್ತಿರ ಒಂದು ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತೇನೆ. ಎಂಟು ಹಳೇ ಸರ್ವರ್, ಅವನ್ನು ಜೋಡಿಸಲು ಸೆಕೆಂಡ್ ಹ್ಯಾಂಡ್ 36 ಪೋರ್ಟಿನ ಇನ್‌ಫಿನಿಬ್ಯಾಂಡ್ (ಸರ್ವರ್‌ಗಳ ನಡುವಿನ ವೇಗದ ನೆಟ್‌ವರ್ಕ್) ಸ್ವಿಚ್, 40 ಗಿಗಾಬಿಟ್‌ನದು. ಮೊನ್ನೆ ಗಾಳಿ ಮಳೆಗೆ ಮರ ಬಿದ್ದು ಲೈನ್ ಹೋಯಿತು. ಯುಪಿಎಸ್ ಕೂಡ ಕೈಕೊಟ್ಟಿತು. ಈಗ ಎಲ್ಲ ಆನ್ ಆಗಿದೆ, ಆದರೆ ಹಲವು ಸರ್ವರ್ ಸೇರಿ ಮಾಡುವ ಲೆಕ್ಕ, ಅಂದರೆ ಎಂಪಿಐ ಜಾಬ್, ಒಂದೂ ಓಡುತ್ತಿಲ್ಲ. ಪೋರ್ಟ್ ಸ್ಥಿತಿ ತೋರಿಸುವ ಐಬಿಸ್ಟ್ಯಾಟ್ ಕಮಾಂಡ್ ಹಾಕಿದರೆ ಫಿಸಿಕಲ್ ಸ್ಟೇಟ್ ‘ಲಿಂಕ್‌ಅಪ್’, ಸ್ಟೇಟ್ ಮಾತ್ರ ‘ಇನಿಷಿಯಲೈಸಿಂಗ್’. ಬೇಸ್ ಲಿಡ್ (ಪೋರ್ಟ್‌ನ ವಿಳಾಸ ಸಂಖ್ಯೆ) 0, ಎಸ್‌ಎಂ (ಸಬ್‌ನೆಟ್ ಮ್ಯಾನೇಜರ್) ಲಿಡ್ಡೂ 0. ಕೇಬಲ್ ಬದಲಿಸಿ ನೋಡಿದೆ, ಅದೇ ಕಥೆ. ಸ್ವಿಚ್ ಸುಟ್ಟಿದೆ, ಹೊಸದು ತಗೊಳ್ಳಿ ಅಂತ ಇಲ್ಲಿ ಒಬ್ಬರು ಹೇಳುತ್ತಿದ್ದಾರೆ.

ಅಂದ ಹಾಗೆ, ಮೊದಲನೇ ನೋಡ್ (ಸರ್ವರ್) ಬೇಸಿಗೆಯಲ್ಲೇ ಕೆಟ್ಟು ರಿಪೇರಿಗೆ ಹೋಗಿದೆ. ಅದಿಲ್ಲದೆಯೂ ಉಳಿದ ಏಳು ಚೆನ್ನಾಗಿಯೇ ಓಡುತ್ತಿದ್ದವು. ಹಾಗಾಗಿ ಅದಕ್ಕೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ.

ಕೇಬಲ್_ಕಿಟ್ಟಿ:
ಸ್ವಿಚ್ ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿದ್ರಾ?

ಮಂಜಿನೂರವ:
ಕಿಟ್ಟಿ, ಆಫ್ ಆಗಿ ಆನ್ ಆಗಿದ್ದೇ ತೊಂದರೆ ಮಾರಾಯ!

ಲ್ಯಾಬ್‌ನವರೇ, ಸಂಬಂಧ ಇರುವುದೇ ಆ ಮೊದಲನೇ ನೋಡ್‌ಗೆ. ಸಬ್‌ನೆಟ್ ಮ್ಯಾನೇಜರ್ ಕೆಲಸ ಮಾಡುವ ಓಪನ್‌ಎಸ್‌ಎಂ ಸಾಫ್ಟ್‌ವೇರ್ ಓಡುತ್ತಿದ್ದದ್ದು ಅದರಲ್ಲೇ ಇರಬೇಕು. ಸ್ವಿಚ್ ಚೆನ್ನಾಗಿದೆ, ದುಡ್ಡು ಉಳಿಸಿಕೊಳ್ಳಿ.

ಈಥರ್ನೆಟ್ ಸ್ವಿಚ್ ಆದರೆ ಬಂದ ಪ್ಯಾಕೆಟ್ ನೋಡಿ ಯಾರು ಎಲ್ಲಿದ್ದಾರೆ ಅಂತ ತಾನೇ ಕಲಿಯುತ್ತದೆ. ಇನ್‌ಫಿನಿಬ್ಯಾಂಡ್ ಸ್ವಿಚ್ ಕಲಿಯುವುದಿಲ್ಲ, ಹೇಳಿಸಿಕೊಳ್ಳುತ್ತದೆ. ಹೇಳುವವನು ಸಬ್‌ನೆಟ್ ಮ್ಯಾನೇಜರ್. ಕೇಬಲ್ ಕೂತ ತಕ್ಷಣ ಎರಡು ತುದಿಯ ಚಿಪ್‌ಗಳೇ ಮಾತಾಡಿಕೊಂಡು ‘ಲಿಂಕ್‌ಅಪ್’ ಆಗುತ್ತವೆ. ಅಲ್ಲಿಗೆ ಅವುಗಳ ಕೆಲಸ ಮುಗಿಯಿತು. ‘ಇನಿಷಿಯಲೈಸಿಂಗ್’ ಸ್ಥಿತಿಯಲ್ಲಿ ಮ್ಯಾನೇಜ್‌ಮೆಂಟ್ ಪ್ಯಾಕೆಟ್ ಮಾತ್ರ ದಾಟುತ್ತದೆ, ಡೇಟಾ ದಾಟುವುದಿಲ್ಲ.

ಇನ್ನೂ ಯಾರಿಗೂ ವಿಳಾಸವೇ ಇಲ್ಲದಾಗ ಮ್ಯಾನೇಜರ್ ಹುಡುಕುವುದು ಹೇಗೆ? ನಮ್ಮ ಕಡೆ ತೋಟದ ಮನೆಗೆ ದಾರಿ ಹೇಳುತ್ತೇವಲ್ಲ, ಗೇಟ್ ದಾಟಿ ಎಡಕ್ಕೆ, ಕಣ ಸಿಕ್ಕಿದ ಮೇಲೆ ಬಲಕ್ಕೆ ಅಂತ, ಹಾಗೆ. ಈ ಪೋರ್ಟ್‌ನಿಂದ ಹೊರಡು, ಮುಂದಿನ ಸ್ವಿಚ್‌ನಲ್ಲಿ 7ನೇ ಪೋರ್ಟ್ ಹಿಡಿ ಎಂಬ ದಾರಿಯನ್ನು ಪ್ಯಾಕೆಟ್‌ನಲ್ಲೇ ಬರೆದು ಕಳಿಸುತ್ತಾನೆ. ಹೀಗೆ ಒಂದೊಂದೇ ಹೆಜ್ಜೆ ಮುಂದೆ ಹೋಗಿ, ಸಿಕ್ಕಿದವರನ್ನೆಲ್ಲ ಒಬ್ಬೊಬ್ಬರಿಗೂ ಬೇರೆ ಬೇರೆ ಇರುವ 64 ಬಿಟ್‌ನ ಗುರುತು ಸಂಖ್ಯೆಯಿಂದ, ಅಂದರೆ ಜಿಯುಐಡಿಯಿಂದ, ಗುರುತಿಸುತ್ತಾನೆ. ಆಮೇಲೆ ಪ್ರತಿಯೊಬ್ಬರಿಗೂ ಒಂದು ಲಿಡ್ ಕೊಡುತ್ತಾನೆ. ಯಾವ ಲಿಡ್‌ಗೆ ಯಾವ ಪೋರ್ಟ್ ಎಂಬ ಪಟ್ಟಿಯನ್ನು ಸ್ವಿಚ್‌ಗೆ ತುಂಬುತ್ತಾನೆ. ಕೊನೆಗೆ ಪೋರ್ಟ್‌ಗಳನ್ನು ‘ಆರ್ಮ್ಡ್’, ಅಲ್ಲಿಂದ ‘ಆಕ್ಟಿವ್’ ಮಾಡುತ್ತಾನೆ.

ಮ್ಯಾನೇಜರ್ ಸತ್ತರೂ ಆ ಪಟ್ಟಿ ಸ್ವಿಚ್‌ನಲ್ಲಿ ಹಾಗೇ ಇರುತ್ತದೆ. ಅದಕ್ಕೇ ನಿಮ್ಮ ಏಳು ನೋಡ್ ಇಷ್ಟು ದಿನ ಓಡಿದ್ದು. ನಡುವೆ ಒಂದನ್ನು ರೀಬೂಟ್ ಮಾಡಿದ್ದರೆ ಆಗಲೇ ಬಣ್ಣ ಬಯಲಾಗುತ್ತಿತ್ತು. ಈಗ ಕರೆಂಟ್ ಜೊತೆ ಪಟ್ಟಿಯೂ ಹೋಯಿತು, ಬರೆದುಕೊಡುವವನೂ ಇಲ್ಲ.

ಇನ್ನೊಂದು ನೋಡ್‌ನಲ್ಲಿ ಓಪನ್‌ಎಸ್‌ಎಂ ಹಾಕಿ ಸರ್ವಿಸ್ ಎನೇಬಲ್ ಮಾಡಿ. ಎರಡು ನೋಡ್‌ನಲ್ಲಿ ಹಾಕಿದರೆ ಇನ್ನೂ ಒಳ್ಳೇದು. ಒಂದು ಮಾಸ್ಟರ್, ಇನ್ನೊಂದು ಸ್ಟ್ಯಾಂಡ್‌ಬೈ ಆಗುತ್ತದೆ.

ಹಳೇ_ಯುನಿಕ್ಸ್:
ಇದು ಹೊಸ ಗೋಳೇನಲ್ಲ. ಐಬಿಎಂನ ಹಳೇ ಎಸ್‌ಪಿ ಸೂಪರ್‌ಕಂಪ್ಯೂಟರ್‌ಗಳಲ್ಲೂ ಸ್ವಿಚ್ ಸುಮ್ನೆ ತಾನಾಗಿ ಏಳುತ್ತಿರಲಿಲ್ಲ. ‘ಈಸ್ಟಾರ್ಟ್’ ಕಮಾಂಡ್ ಕೊಟ್ಟರೆ ಪ್ರೈಮರಿ ನೋಡ್ ಅದನ್ನು ಎಬ್ಬಿಸುತ್ತಿತ್ತು. ಅದಕ್ಕೂ ಒಂದು ಬ್ಯಾಕಪ್ ನೋಡ್ ಇಟ್ಟಿರುತ್ತಿದ್ದರು.

ಗೋಣಿಕೊಪ್ಪ_ಲ್ಯಾಬ್:
ಅಣ್ಣಾ, ಆಯ್ತು! 2 ಮತ್ತು 5ನೇ ನೋಡ್‌ನಲ್ಲಿ ಹಾಕಿದೆ. ಏಳೂ ‘ಆಕ್ಟಿವ್’. ಕಾರ್ಡ್‌ನಲ್ಲಿ ಹಸಿರಿನ ಜೊತೆ ಹಳದಿ ದೀಪವೂ ಬಂತು. ಆದರೆ ಎಸ್‌ಎಂಇನ್ಫೋ ಕಮಾಂಡ್ ಹಾಕಿ ನೋಡಿದರೆ ಮಾಸ್ಟರ್ ಆಗಿರುವುದು 5. ಮೊದಲು ಹಾಕಿದ್ದು 2ರಲ್ಲಿ, ಅದೇ ಆಗಬೇಕಿತ್ತಲ್ವಾ?

ಮಂಜಿನೂರವ:
ಮೊದಲು ಬಂದವರಿಗೆ ಅಂತೇನೂ ಇಲ್ಲ. ಪ್ರಯಾರಿಟಿ 0ಯಿಂದ 15ರವರೆಗೆ, ಜಾಸ್ತಿ ಇದ್ದವನು ಮಾಸ್ಟರ್. ಸಮ ಇದ್ದರೆ ಕಡಿಮೆ ಜಿಯುಐಡಿ ಇರುವವನು. 2 ಬೇಕಾದರೆ ಅದರ ಓಪನ್‌ಎಸ್‌ಎಂ ಕಾನ್ಫಿಗ್‌ನಲ್ಲಿ ಪ್ರಯಾರಿಟಿ ಏರಿಸಿ. ಆ ಮೊದಲನೇ ನೋಡ್ ರಿಪೇರಿಯಿಂದ ಬಂದಾಗ ಅದರ ಸರ್ವಿಸ್ ನಿಲ್ಲಿಸುವುದೋ ಇಟ್ಟುಕೊಳ್ಳುವುದೋ ಈಗಲೇ ಯೋಚಿಸಿ. ಅದರಲ್ಲಿ ಪ್ರಯಾರಿಟಿ ಜಾಸ್ತಿ ಇಟ್ಟಿದ್ದರೆ ಬಂದ ಕೂಡಲೇ ಮಾಸ್ಟರ್ ಪಟ್ಟ ವಾಪಸ್ ಕೇಳುತ್ತದೆ.